ಆರನೇ ಬೆಲ್ಟು: ಡಬ್ಬಿಯಲ್ಲಿ ಕೂರದ ಇಕ್ಕಳ

"ತಾನ ಕತ್ತರಿಸಿದ ಹಗ್ಗಾನ ಯಾವನಾದ್ರೂ ಜಗ್ತಾನೇನ್ರಿ ಮೇಡಂ? ಹೇಳ್ರಿ! ಜೀವ ಉಳಿಸ್ಕೊಳ್ಳಾಕ ಅದನ್ನ ಜಗ್ತಾನೇನು?"

ಸ್ನೇಹಾಳ ಕೂಗಿಗೆ ಹೊಸಪೇಟೆಯ ಆ ಇಕ್ಕಟ್ಟಾದ ಹಾರ್ಡ್‌ವೇರ್ ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಕೊಂಡ ಸಾಮಾನನ್ನು ಕೌಂಟರಿನ ಮೇಲೇ ಬಿಟ್ಟು ಹೊರಗೆ ಸರಿದರು.

ಆ ಪ್ರಶ್ನೆ ಸಬ್ ಇನ್‌ಸ್ಪೆಕ್ಟರ್ ಅನ್ನಪೂರ್ಣಳಿಗೆ. ಹನ್ನೊಂದು ದಿನದ ಹಿಂದೆ ಸಂಡೂರಿನಾಚೆಯ ಪೆಲೆಟ್ ಫ್ಯಾಕ್ಟರಿಯಲ್ಲಿ, ಅದಿರಿನ ಪುಡಿ ಸಾಗಿಸುವ ಆರನೇ ನಂಬರ್ ಬೆಲ್ಟಿಗೆ ಸಿಕ್ಕಿ ಸ್ನೇಹಾಳ ಗಂಡ, ಫಿಟ್ಟರ್ ದುರುಗೇಶ್ ಸತ್ತಿದ್ದ. ಜಗ್ಗಿದರೆ ಬೆಲ್ಟು ನಿಲ್ಲುವ ಎಮರ್ಜೆನ್ಸಿ ಹಗ್ಗವನ್ನು ಅವನೇ ತನ್ನ ಮಲ್ಟಿಟೂಲಿನಿಂದ ಕತ್ತರಿಸಿ ಹಾಕಿದ್ದನೆಂದು ಫ್ಯಾಕ್ಟರಿ ಬರೆದುಕೊಟ್ಟಿತ್ತು.

ಹೆಣವನ್ನು ಅನ್ನಪೂರ್ಣ ಕಣ್ಣಾರೆ ನೋಡಿದ್ದಳು. ಕೆಂಪು ಪ್ಲಾಸ್ಟಿಕ್ ಹೊದಿಕೆಯ ಆ ಉಕ್ಕಿನ ಹಗ್ಗ ಅವನ ಬಲಗೈಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಅವನು ಜಗ್ಗಿದ್ದ. ತುದಿ ಕತ್ತರಿಸಿದ್ದ ಹಗ್ಗ ಸುಮ್ಮನೆ ಕೈಗೆ ಬಂದಿತ್ತು. ಬೆಲ್ಟು ನಿಂತಿರಲಿಲ್ಲ.

'ಗಾಬರಿಯಲ್ಲಿ ತಾನು ಕತ್ತರಿಸಿದ್ದನ್ನೇ ಮೃತನು ಮರೆತಿದ್ದಾನೆ.' ವರದಿಯ ಮೂರನೇ ಪುಟದಲ್ಲಿ ಹೀಗೊಂದು ಸಾಲಿತ್ತು. ಅನ್ನಪೂರ್ಣ ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು.

"ತಂಗಿ, ಕುಂದ್ರವ್ವ," ಎಂದರು ಗಂಗಾಂಬಿಕಮ್ಮ, ಸ್ಟೂಲೊಂದನ್ನು ಕಾಲಿನಿಂದಲೇ ಮುಂದಕ್ಕೆ ತಳ್ಳುತ್ತ. "ಮೇಡಂ ಏನೋ ತೋರ್ಸಾಕ ತಂದಾರ. ನೋಡೋಣು."

ಗಂಗಾಂಬಿಕಮ್ಮನಿಗೆ ಅರವತ್ತು ದಾಟಿತ್ತು. ಕಂಪ್ಲಿಯ ಅಕ್ಕಿ ಗಿರಣಿಯನ್ನು ಗಂಡ ನೋಡಿಕೊಂಡರೆ, ಹೊಸಪೇಟೆಯ ಈ ಅಂಗಡಿ ಪೂರ್ತಿ ಅವರದು. ಹಣೆಯ ತುಂಬ ವಿಭೂತಿ, ಕುತ್ತಿಗೆಯಲ್ಲಿ ಲಿಂಗದ ಕರಡಿಗೆ, ಕೈಬೆರಳುಗಳಲ್ಲಿ ಗ್ರೀಸಿನ ಕಪ್ಪು.

ಸ್ನೇಹಾ ಕೂರಲಿಲ್ಲ. ಹಂಪಿಯ ವಿಠಲ ದೇವಸ್ಥಾನದ ಹಾದಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಬ್ಯಾಟರಿ ಗಾಡಿ ಓಡಿಸುವವಳು ಅವಳು. ಅರ್ಧ ದಿನದ ರಜೆ ಕೇಳಿ ಡ್ಯೂಟಿಯ ಕೋಟಿನಲ್ಲೇ ಬಂದಿದ್ದಳು. ಅಂಗಡಿಯ ಹೆಸರು ಹೇಳಿದ್ದು ಅವಳೇ. ಎದೆಗೆ ಒಂದು ಪ್ಲಾಸ್ಟಿಕ್ ಚೀಲ ಒತ್ತಿ ಹಿಡಿದಿದ್ದಳು.

ಅನ್ನಪೂರ್ಣ ಮುಖ್ಯಪೇದೆ ಅಂಜಿನಯ್ಯನ ಕಡೆಗೆ ನೋಡಿದಳು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅಂಜಿನಯ್ಯ, ಠಾಣೆಯ ಪುಸ್ತಕದಲ್ಲಿ ಸಹಿ ಮಾಡಿ ತಂದಿದ್ದ ಪಾರದರ್ಶಕ ಕವರನ್ನು ಕೌಂಟರಿನ ಗಾಜಿನ ಮೇಲಿಟ್ಟ.

ಒಳಗೊಂದು ಮಲ್ಟಿಟೂಲ್. ಕಪ್ಪು ಬಣ್ಣದ್ದು, ದಪ್ಪನೆಯದು. ಮಡಚಿದರೆ ಅಂಗೈಯಷ್ಟು. ಬಿಚ್ಚಿದರೆ ನಡುವೆ ಇಕ್ಕಳ, ಹಿಡಿಕೆಗಳ ಒಳಗೆ ಚಾಕು, ಅರ, ಸ್ಕ್ರೂಡ್ರೈವರ್, ಗರಗಸ. ಇಕ್ಕಳದ ಹಲ್ಲುಗಳ ನಡುವೆ ಕೆಂಪು ಪ್ಲಾಸ್ಟಿಕ್ಕಿನ ಚೂರುಗಳು ಸಿಕ್ಕಿಕೊಂಡಿದ್ದವು. ಹೆಣದ ಪ್ಯಾಂಟಿನ ಬಲಜೇಬಿನಲ್ಲಿ ಸಿಕ್ಕಿದ್ದು ಇದು.

"ದುರುಗೇಶ್ ನಿಮ್ಮ ಹತ್ರ ತಗೊಂಡಿದ್ದು ಇದನ್ನೇ ಏನಮ್ಮ?"

ಗಂಗಾಂಬಿಕಮ್ಮ ಕವರಿನ ಹೊರಗಿನಿಂದಲೇ ಒಮ್ಮೆ ತಿರುಗಿಸಿ ನೋಡಿದರು.

"ಇದನ್ನ? ಆ ಹುಡುಗ? ಇದನ್ನ ಅವ ಮುಟ್ಟಿ ಸೈತ ನೋಡ್ತಿರ್ಲಿಲ್ಲ."

"ನೆನಪೈತೇನು? ವರ್ಷ ಆಗಾಕ ಬಂತಲ್ಲ," ಎಂದಳು ಅನ್ನಪೂರ್ಣ.

"ಮೂರು ಆಯ್ತಾರ ಬಂದು ನನ್ನ ತಲಿ ತಿಂದ ಗಿರಾಕೀನ ಮರೀತೀನೇನ್ರಿ?" ಅವರು ಹಿಂದಿನ ಕಪಾಟಿನಿಂದ ಮೂರು ಮಲ್ಟಿಟೂಲ್ ತೆಗೆದು ಒಂದೊಂದಾಗಿ ಗಾಜಿನ ಮೇಲೆ ಕುಕ್ಕಿದರು. ದೊಡ್ಡದೊಂದು, ಕೀಲಿ ಗೊಂಚಲಿಗೆ ಸಿಕ್ಕಿಸುವಂಥ ಪುಟ್ಟದೊಂದು, ಬೆಳ್ಳಗೆ ಹೊಳೆಯುವ ನಡುವಿನದೊಂದು. "ಹುಡುಗ್ರು ಭಾಳ ಮಂದಿ ಬರ್ತಾರ. ಚಾಕು ಎಷ್ಟುದ್ದ ಐತಿ, ಬಾಟ್ಲಿ ಮುಚ್ಚಳ ಬಿಚ್ಚತೈತೇನು ಅಂತ ಕೇಳ್ತಾರ. ಹದಿನೆಂಟು ಸಾಮಾನು ಇದ್ರ ಅದೇ ಬೇಕು ಅವರಿಗೆ. ಇವ ಬಂದವನೇ, ಏನೇನು ಬ್ಯಾಡ ಅಂತ ಹೇಳಾಕ ಶುರು ಮಾಡಿದ."

"ಏನು ಬ್ಯಾಡ ಅಂದ?"

"ಮೊದ್ಲ ಮಾತಿಗೇ ಚಾಕು ಬ್ಯಾಡ ಅಂದ. ಗೇಟಿನಾಗ ಬಿಡಂಗಿಲ್ಲಂತ. ದಿನಾ ಒಳಗ ಹೋಗುವಾಗ ಬಿಚ್ಚಿಟ್ಟು, ಹೊರಗ ಬರುವಾಗ ಇಸ್ಕೊಳ್ಳೋ ಸಾಮಾನು ನನಗ್ಯಾಕಮ್ಮ, ಸೊಂಟದಾಗ ಇರೋದು ಸೊಂಟದಾಗೇ ಇರಬೇಕು ಅಂದ."

ಸ್ನೇಹಾ ಮುಖ ಆಚೆ ತಿರುಗಿಸಿಕೊಂಡಳು.

"ದೊಡ್ಡದನ್ನ ಬೆಲ್ಟಿಗೆ ಸಿಗಿಸ್ಕೊಂಡು, ಇಲ್ಲೇ, ಈ ನೆಲದ ಮ್ಯಾಲ ಕುಕ್ಕರಗಾಲಿನಾಗ ಕುಂತ, ಎದ್ದ, ಮತ್ತ ಕುಂತ. ಭಾರ ಆತು ಅಂದ. ಇಡೀ ದಿನ ಬಗ್ಗಿ ರೋಲರ್ ಬಿಚ್ಚವನು, ಪ್ಯಾಂಟು ಜಗ್ಗತೈತಿ ಅಂದ. ಕಪ್ಪು ಬಣ್ಣದ್ದು ಅದಿರಿನ ಪುಡಿಯಾಗ ಬಿದ್ರ ಕಣ್ಣಿಗೆ ಕಾಣಂಗಿಲ್ಲ, ಅದೂ ಬ್ಯಾಡ. ಸಣ್ಣದು ಕೈಗವಸಿಗೆ ಸಿಗಂಗಿಲ್ಲ. ಅದಕ್ಕಂತನ ಕೈಗವಸು ಮನಿಂದ ತಂದಿದ್ದ ನೋಡ್ರಿ! ಮೂರನೇ ಆಯ್ತಾರ ಚಾಕು ಇಲ್ಲದ ಇದನ್ನ ಹಿಡ್ದ."

ಅವರು ಬೆಳ್ಳನೆಯದನ್ನು ಬಲಗೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದರು. ಟಪಕ್ಕನೆ ಇಕ್ಕಳ ಹೊರಗೆ ಚಿಮ್ಮಿತು. ಎಡಗೈ ಬೇಕಾಗಲೇ ಇಲ್ಲ.

"ಒಂದ ಕೈಯಾಗ ಬಿಚ್ಚಬೇಕು ಅಂದ. ಇನ್ನೊಂದು ಕೈ ಏಣಿ ಹಿಡ್ದಿರ್ತೈತಿ ಅಂತ ನಾ ತಿಳ್ಕೊಂಡೆ. ಆಮ್ಯಾಲ ಆ ಕೈ ನೋಡಿದೆ."

"ಎಡಗೈದು ಎರಡು ಬೆರಳು," ಎಂದಳು ಸ್ನೇಹಾ. "ಹೆಬ್ಬೆರಳು, ತೋರುಬೆರಳು. ಎರಡು ವರ್ಷದ ಹಿಂದ ಚೈನಿಗೆ ಸಿಕ್ಕು ಜಜ್ಜಿ ಹೋಗಿದ್ವು. ಮಡಚ್ತಿರ್ಲಿಲ್ಲ. ಅಂಗಿ ಗುಂಡಿ ನಾನ ಹಾಕ್ತಿದ್ದೆ."

ಅನ್ನಪೂರ್ಣ ಕೈಗವಸು ತೊಟ್ಟು ಕವರಿನಿಂದ ಕಪ್ಪು ಉಪಕರಣವನ್ನು ಹೊರತೆಗೆದಳು. ಬಿಚ್ಚಲು ನೋಡಿದಳು. ಎರಡು ಹಿಡಿಕೆಗಳನ್ನೂ ಎರಡು ಕೈಯಲ್ಲಿ ಹಿಡಿದು ಎಳೆದರೆ ಮಾತ್ರ ಅದು ಬಾಯಿ ತೆರೆಯುತ್ತಿತ್ತು. ಅದೂ ಬಿಗಿಯಾಗಿ. ಎಡಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ನೆಟ್ಟಗೆ ಮಾಡಿಕೊಂಡು ಮತ್ತೆ ಎಳೆದಳು. ಉಪಕರಣ ಜಾರಿ ಗಾಜಿನ ಮೇಲೆ ಬಿತ್ತು.

ಅಂಜಿನಯ್ಯ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

"ಹಿಂಗ ಬರ್ರಿ, ಬೆಳಕಿಗೆ," ಎಂದು ಗಂಗಾಂಬಿಕಮ್ಮ ಒಂದು ಕಡ್ಡಿಯ ತುದಿಗೆ ಹತ್ತಿ ಸುತ್ತಿದರು. "ನೀವ ಹಿಡ್ಕೊಳ್ರಿ. ನಾ ಮುಟ್ಟಂಗಿಲ್ಲ. ಆ ಕೀಲಿನೊಳಗ ಇದನ್ನ ಆಡಸ್ರಿ."

ಅನ್ನಪೂರ್ಣ ಹತ್ತಿಯನ್ನು ಕೀಲಿನ ಸಂದಿಯಲ್ಲಿ ಆಡಿಸಿ ಹೊರತೆಗೆದಳು. ಹತ್ತಿಗೆ ತಿಳಿ ಎಣ್ಣೆ ಅಂಟಿತ್ತು. ಅಷ್ಟೇ.

"ಸಂಡೂರಿನ ಧೂಳು ಗೊತ್ತೈತಲ್ರಿ ನಿಮಗ," ಎಂದರು ಅವರು. ಈಗ ಅವರ ದನಿಯೂ ಏರಿತ್ತು. "ಅಲ್ಲಿಂದ ರಿಪೇರಿಗೆ ಬರೋ ಡ್ರಿಲ್ಲು, ಗ್ರೈಂಡರ್, ಬಿಚ್ಚಿದ್ರ ಒಳಗ ಕುಂಕುಮ ಸುರಿದಂಗಿರ್ತೈತಿ. ಹನ್ನೊಂದು ತಿಂಗಳು ಅಲ್ಲಿ ದುಡ್ದ ಸಾಮಾನಿನ ಕೀಲು ಹಿಂಗ ಇರ್ತೈತೇನ್ರಿ? ಇದು ಡಬ್ಬಿ ಬಿಟ್ಟು ಹೊರಗ ಬಂದು ಹದಿನೈದು ದಿನ ಆಗಿಲ್ಲ. ಇಂಥವನ್ನ ನಾ ಮಾರಂಗೂ ಇಲ್ಲ."

ಡಬ್ಬಿ ಎಂಬ ಮಾತು ಕೇಳಿದ್ದೇ ಸ್ನೇಹಾ ಚೀಲದೊಳಗೆ ಕೈ ಹಾಕಿದಳು. ಒಂದು ರಟ್ಟಿನ ಡಬ್ಬಿ. ಕಮಲಾಪುರದ ಬಾಡಿಗೆ ಮನೆಯಲ್ಲಿ, ಮದುವೆ ಫೋಟೊಗಳ ಜೊತೆ ದುರುಗೇಶ್ ಅದನ್ನು ಜೋಪಾನ ಮಾಡಿದ್ದ. ಮುಚ್ಚಳ ತೆಗೆದರೆ ಒಳಗೆ ಕಪ್ಪು ಸ್ಪಂಜು. ಅದರ ನಡುವೆ ಉಪಕರಣದ ಆಕಾರಕ್ಕೇ ಕೊರೆದ ಗುಳಿ.

ಅನ್ನಪೂರ್ಣ ಕಪ್ಪು ಉಪಕರಣವನ್ನು ಗುಳಿಯ ಮೇಲಿಟ್ಟಳು. ಒಂದು ಬೆರಳಿನಷ್ಟು ಉದ್ದ ಹೊರಗೆ ಉಳಿಯಿತು. ಅಗಲವೂ ಹೊಂದಲಿಲ್ಲ. ಅದನ್ನು ತೆಗೆದು, ಗಂಗಾಂಬಿಕಮ್ಮನ ಕೈಯಲ್ಲಿದ್ದ ಬೆಳ್ಳನೆಯದನ್ನು ಇಟ್ಟಳು. ಮಗು ತೊಟ್ಟಿಲಲ್ಲಿ ಮಲಗಿದಂತೆ ಕೂತಿತು.

ಸ್ನೇಹಾ ಅಳುತ್ತಾಳೆಂದು ಅಂಜಿನಯ್ಯ ಅಂದುಕೊಂಡಿದ್ದ. ಅವಳು ಅಳಲಿಲ್ಲ. ಎರಡು ಕೈಯಿಂದಲೂ ಗಾಜನ್ನು ಬಡಿದಳು.

"ಹನ್ನೊಂದು ದಿನ! ನನ್ನ ಗಂಡ ತನ್ನ ಕೈಯಾರೆ ಸತ್ತ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ಯಾರ. ಎಮ್ಮಿಗನೂರಿನಾಗ ನಮ್ಮತ್ತಿ ತಾಯಕ್ಕ, ನನ್ನ ಮಗ ಅಷ್ಟು ದಡ್ಡ ಇದ್ನೇನವ್ವ ಅಂತ ನನ್ನ ಕೇಳ್ತಾಳ. ಸತ್ತವನ ಜೇಬಿಗೆ ಕೈ ಹಾಕ್ಯಾರಲ್ರಿ! ಅವನ ಹೆಣದ ಜೇಬಿಗೆ!"

"ಅಮ್ಮ, ಇದನ್ನೆಲ್ಲ ಹೇಳಿಕೆ ಬರೆದು ಕೊಡ್ತೀರೇನು?" ಎಂದಳು ಅನ್ನಪೂರ್ಣ.

ಗಂಗಾಂಬಿಕಮ್ಮ ಹಿಂದಕ್ಕೆ ತಿರುಗಿ ನೋಡಿದರು. ಅಂಗಡಿಯ ಹಿಂದಿನ ಗೋಡೆಗೆ ಪೇರಿಸಿಟ್ಟಿದ್ದ ಬೋಲ್ಟುಗಳ ಪೆಟ್ಟಿಗೆಗಳ ಮೇಲೆ ಅದೇ ಫ್ಯಾಕ್ಟರಿಯ ಹೆಸರು ಬರೆದಿತ್ತು. ನಾಳೆ ಹೋಗಬೇಕಾದ ಮಾಲು. ಅವರ ಅಂಗಡಿಗೆ ಅದಕ್ಕಿಂತ ದೊಡ್ಡ ಗಿರಾಕಿ ಇರಲಿಲ್ಲ.

"ಬರ್ಕೊಳ್ರಿ," ಎಂದರು. "ದಪ್ಪ ಅಕ್ಷರದಾಗ ಬರ್ಕೊಳ್ರಿ. ಫ್ಯಾಕ್ಟರಿಯವರ ಚಾಳೀಸಿನ ಕಣ್ಣಿಗೂ ಕಾಣಬೇಕು."

ಸ್ನೇಹಾಳ ಹೇಳಿಕೆಯೂ ಬೇಕಿತ್ತು. ಡಬ್ಬಿಯನ್ನು ರಸೀದಿ ಕೊಟ್ಟು ಪಡೆದುಕೊಂಡು, ಮೂರು ಗಂಟೆಗೆ ಠಾಣೆಗೆ ಬರಲು ಹೇಳಿ ಅನ್ನಪೂರ್ಣ ಜೀಪು ಹತ್ತಿದಳು.

*

ಫ್ಯಾಕ್ಟರಿಯ ಗೇಟಿನಲ್ಲಿ ಕಾವಲುಗಾರ ಜೀಪನ್ನು ತಡೆದ. ಪೊಲೀಸರಾದರೂ ಸರಿ, ಲೋಹದ ಚೌಕಟ್ಟಿನೊಳಗೆ ನಡೆದೇ ಹೋಗಬೇಕೆಂದ. ಅಂಜಿನಯ್ಯ ದಾಟುತ್ತಿದ್ದಂತೆ ಚೌಕಟ್ಟು ಕಿರುಚಿತು. ಜೇಬು ತಡಕಿದರೆ ಸಿಕ್ಕಿದ್ದು ಒಂದು ಅಡಕೊತ್ತು.

"ಇದನ್ನ ಇಲ್ಲೇ ಬಿಡ್ಬೇಕ್ರಿ."

"ಅಡಿಕಿ ಕತ್ತರಿಸೋದಪ್ಪ!"

"ಅಲಗು ಐತಲ್ರಿ ಅದಕ್ಕ. ಸಾಹೇಬ್ರ ಆರ್ಡರ್." ಕಾವಲುಗಾರ ಗೋಡೆಯ ಮೇಲಿನ ಫಲಕ ತೋರಿಸಿದ. ಚಾಕು, ಬ್ಲೇಡು, ಅಲಗುಳ್ಳ ಯಾವುದೇ ವಸ್ತುವನ್ನು ಒಳಗೆ ತರುವಂತಿಲ್ಲ. ಕೆಳಗೆ ಸೇಫ್ಟಿ ಆಫೀಸರ್ ವಿಜಯಕುಮಾರನ ಸಹಿ. ತಾರೀಖು ನೋಡಿದರೆ ಒಂದೂವರೆ ವರ್ಷದ ಹಿಂದಿನದು.

ಅನ್ನಪೂರ್ಣ ಅದರ ಫೋಟೊ ತೆಗೆದುಕೊಂಡಳು. ಅಂಜಿನಯ್ಯ ಅಡಕೊತ್ತನ್ನು ಕಾವಲುಗಾರನ ಮೇಜಿನ ಮೇಲೆ ಕುಕ್ಕಿದ.

ವಿಜಯಕುಮಾರನ ಕೋಣೆಯಲ್ಲಿ ಎಸಿ ತಣ್ಣಗೆ ಗುಂಯ್‌ಗುಡುತ್ತಿತ್ತು. ನಲವತ್ತರ ಆಸುಪಾಸಿನ ಮನುಷ್ಯ. ನೀಟಾಗಿ ಬಾಚಿದ ಕೂದಲು. ಮೇಜಿನ ಮೇಲೆ ಹಳದಿ ಹೆಲ್ಮೆಟ್. ಅದರ ಮೇಲೆ ಒಂದು ಗೀರೂ ಇರಲಿಲ್ಲ.

"ಬನ್ನಿ ಮೇಡಂ. ಫೈನಲ್ ರಿಪೋರ್ಟಿಗೆ ಸಹಿ ಬೇಕಿತ್ತಾ? ಟೀ ತರಿಸ್ತೀನಿ."

"ಟೀ ಬೇಡ. ದುರುಗೇಶ್ ಎಷ್ಟು ದಿನದಿಂದ ಆ ಮಲ್ಟಿಟೂಲ್ ಇಟ್ಟುಕೊಂಡಿದ್ದ?"

"ವರ್ಷದಿಂದ ಇರಬೇಕು. ಎಲ್ಲರೂ ನೋಡಿದ್ದಾರೆ. ಅವನ ಜೊತೆಯ ಫಿಟ್ಟರ್ ಪಕ್ಕೀರಪ್ಪ ಸಾಕ್ಷಿ ಸಹಿ ಹಾಕಿದ್ದಾನಲ್ಲ."

"ಪಕ್ಕೀರಪ್ಪ ಎಲ್ಲಿ?"

"ರಜೆ. ಮೆಟ್ರಿಗೆ ಹೋಗಿದ್ದಾನೆ, ಅವನ ಊರಿಗೆ."

"ಹನ್ನೊಂದು ದಿನದಿಂದ?"

"ಗೆಳೆಯ ಕಣ್ಣೆದುರಿಗೇ ಸತ್ತಿದ್ದಾನೆ ಮೇಡಂ. ನಾವೂ ಮನುಷ್ಯರೇ."

ಅನ್ನಪೂರ್ಣ ಫೋನಿನಲ್ಲಿದ್ದ ಫಲಕದ ಫೋಟೊವನ್ನು ಅವನ ಮುಂದೆ ಹಿಡಿದಳು.

"ಇದು ನಿಮ್ಮ ಸಹಿ. ಈಗ ನನ್ನ ಮುಖ್ಯಪೇದೆಯ ಅಡಕೊತ್ತು ನಿಮ್ಮ ಗೇಟಿನಲ್ಲಿ ಬಿದ್ದಿದೆ. ದುರುಗೇಶನ ಜೇಬಿನಲ್ಲಿ ಸಿಕ್ಕಿದ್ದರಲ್ಲಿ ನಾಲ್ಕು ಇಂಚಿನ ಚಾಕು ಇದೆ. ಅದು ವರ್ಷವಿಡೀ ಹೇಗೆ ಒಳಗೆ ಬಂತು?"

"ಕಾವಲಿನವರು ಕೆಲವೊಮ್ಮೆ ಸಡಿಲ..."

"ಬರೆದುಕೊಡಿ. ನಮ್ಮ ಕಾವಲು ಸಡಿಲ, ಒಂದು ವರ್ಷ ದಿನಾಲೂ ಚಾಕು ಒಳಗೆ ಬಿಟ್ಟಿದ್ದೇವೆ ಅಂತ. ಈಗಲೇ."

ವಿಜಯಕುಮಾರ ಪೆನ್ನು ಮುಟ್ಟಲಿಲ್ಲ.

"ಬೇಡವಾ? ಹಾಗಾದರೆ ಒಂದು ಕೆಲಸ ಮಾಡಿ." ಅವಳು ಕವರನ್ನು ಮೇಜಿನ ಮೇಲಿಟ್ಟಳು. "ನಿಮ್ಮ ಎಡಗೈಯ ಹೆಬ್ಬೆರಳು, ತೋರುಬೆರಳಿಗೆ ಪಟ್ಟಿ ಸುತ್ತಿಸ್ತೀನಿ. ಇಂಥದ್ದನ್ನೇ ಇನ್ನೊಂದು ತರಿಸ್ತೀನಿ, ಬಿಚ್ಚಿ ತೋರಿಸಿ. ದುರುಗೇಶನ ಆ ಬೆರಳುಗಳು ನಿಮ್ಮ ಚೈನಿಗೇ ಸಿಕ್ಕಿ ಹೋಗಿದ್ದು. ನಿಮ್ಮ ಫೈಲಿನಲ್ಲೇ ಇದೆ. ಆ ಫೈಲಿಗೂ ಸಹಿ ನಿಮ್ಮದೇ."

"ಮೇಡಂ, ನೀವು ಸಿಟ್ಟಿನಲ್ಲಿದ್ದೀರಿ."

"ಹೌದು, ಸಿಟ್ಟಿನಲ್ಲಿದ್ದೀನಿ!" ಅವಳ ದನಿಗೆ ಹೊರಗಿನ ಗುಮಾಸ್ತರು ತಲೆ ಎತ್ತಿದರು. "ಮೂವತ್ತು ವರ್ಷದ ಗಂಡಸು. ಒಂದು ಇಕ್ಕಳ ಕೊಳ್ಳಲು ಮೂರು ವಾರ ಯೋಚನೆ ಮಾಡಿದವನು. ಗೇಟಿನ ನಿಯಮ ಮೀರಬಾರದು, ಕೆಲಸದಲ್ಲಿ ಕೈ ತಪ್ಪಬಾರದು ಅಂತ ಯೋಚನೆ ಮಾಡಿದವನು. ಅವನು ತನ್ನ ಜೀವದ ಹಗ್ಗವನ್ನ ತಾನೇ ಕತ್ತರಿಸಿದ ಅಂತ ಬರೆದಿದ್ದೀರಿ. ನನಗೆ ಸಿಟ್ಟು ಬರಬಾರದಾ?"

ವಿಜಯಕುಮಾರನ ಕಿವಿ ಕೆಂಪಾಯಿತು. ಅವನೂ ಎದ್ದು ನಿಂತ.

"ಒಬ್ಬನ ಹತ್ತಿರ ಎರಡು ಇರಬಾರದು ಅಂತ ಎಲ್ಲಿದೆ? ಇದು ಅವನದಲ್ಲ ಅಂತಲೇ ಇಟ್ಟುಕೊಳ್ಳಿ. ಆ ಬೆಳ್ಳಗಿನದರಲ್ಲಿ ತಂತಿ ಕತ್ತರಿಸೋಕೆ ಬರೋದಿಲ್ವಾ? ಅದರಲ್ಲೂ ಇಕ್ಕಳ ಇತ್ತಲ್ಲ!"

ಅನ್ನಪೂರ್ಣ ಮೇಜಿನ ಮೇಲಿನ ಕವರನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬೆಳ್ಳಗಿನದು ಅಂತ ನಾನು ಹೇಳಲಿಲ್ಲ," ಎಂದಳು ಅನ್ನಪೂರ್ಣ ಮೆಲ್ಲಗೆ. "ಬೇರೊಂದಿತ್ತು ಅಂತಲೂ ಹೇಳಲಿಲ್ಲ. ನೀವು ಎಲ್ಲಿ ನೋಡಿದಿರಿ?"

ಅವನು ಕುರ್ಚಿಯ ಕೈ ಹಿಡಿದುಕೊಂಡು ನಿಧಾನವಾಗಿ ಕುಳಿತ.

"ಅದು ಈಗ ಎಲ್ಲಿದೆ ವಿಜಯಕುಮಾರ್?"

"ನಾನು ಒಬ್ಬ ನೌಕರ ಮೇಡಂ."

"ಅವನೂ ನೌಕರನೇ ಆಗಿದ್ದ."

"ನಿಮಗೆ ಗೊತ್ತಿಲ್ಲ. ಆ ಬೆಲ್ಟು ಒಂದು ಶಿಫ್ಟಿಗೆ ಆರಾರು ಸಲ ನಿಲ್ತಿತ್ತು. ಹಗ್ಗಕ್ಕೆ ಕಲ್ಲು ತಾಗಿದರೂ ನಿಲ್ತಿತ್ತು, ಗಾಳಿ ಬೀಸಿದರೂ ನಿಲ್ತಿತ್ತು. ನಿಂತಾಗಲೆಲ್ಲ ಮೇಲಿನಿಂದ ಫೋನು. ಏನಾದರೂ ಮಾಡ್ರಿ, ನಿಲ್ಲಬಾರದು ಅಂತ..." ಮಾತು ಅಲ್ಲಿಗೇ ತುಂಡಾಯಿತು. ತಾನು ಎಷ್ಟು ಹೇಳಿಬಿಟ್ಟೆ ಎಂಬುದು ಅವನಿಗೇ ಆಗ ಹೊಳೆದಂತಿತ್ತು. "ನಮ್ಮ ವಕೀಲರಿಲ್ಲದೆ ನಾನು ಇನ್ನು ಮಾತಾಡೋದಿಲ್ಲ."

"ಮೇಲಿನಿಂದ ಯಾರು?"

ವಿಜಯಕುಮಾರ ಹೆಲ್ಮೆಟನ್ನು ಪಕ್ಕಕ್ಕೆ ಸರಿಸಿದ.

"ಆ ಹಗ್ಗದ ಉಳಿದ ತುಂಡು, ಆ ದಿನದ ಶಿಫ್ಟಿನ ಪುಸ್ತಕ. ನಾಳೆ ಹತ್ತು ಗಂಟೆಗೆ ನೋಟಿಸು ಹಿಡ್ಕೊಂಡು ಬರ್ತೀನಿ. ಒಂದು ಹಾಳೆ ಹರಿದಿದ್ದರೂ ಮೊದಲ ಹೆಸರು ನಿಮ್ಮದು."

ಬಾಗಿಲು ದಾಟುವಾಗ ಅಂಜಿನಯ್ಯ ಹಿಂದಿರುಗಿ ನೋಡಿದ. ವಿಜಯಕುಮಾರ ಫೋನನ್ನು ಆಗಲೇ ಕಿವಿಗೆ ಹಿಡಿದಿದ್ದ.

*

ಅದಿರಿನ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಜೀಪು ಠಾಣೆ ಮುಟ್ಟಲು ಎರಡು ತಾಸು ಹಿಡಿಯಿತು. ಕಿಟಕಿಯಿಂದ ಬಂದ ಕೆಂಪು ಧೂಳು ಅನ್ನಪೂರ್ಣಳ ಹುಬ್ಬಿನ ಮೇಲೆ ಕೂತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

"ಆ ವಿಜಯಕುಮಾರ ಬಾಯಿ ಬಿಟ್ಟ ಬಿಡ್ರಿ ಮೇಡಂ," ಎಂದ ಅಂಜಿನಯ್ಯ. "ಇನ್ನೊಂದೆರಡು ದಿನ ಹಿಂಗ ಬೆನ್ನ ಹತ್ತಿದ್ರ ಎಲ್ಲಾ ಹೊರಗ ಬರ್ತೈತಿ."

ಠಾಣೆಯ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಸ್ನೇಹಾಳ ದನಿ.

"ನನ್ನ ಕೈಯಾಗ ಉಂಡವನಲ್ಲೋ ನೀನು! ಹಬ್ಬಕ್ಕ ಬಂದು ಹೋಳಿಗಿ ಉಂಡು, ಅಕ್ಕಾ ಇನ್ನೊಂದು ಹಾಕು ಅಂದವನಲ್ಲೋ! ಮಾತಾಡೋ! ಬಾಯಿ ಸತ್ತೈತೇನು ನಿಂದು?"

ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತವನು ಇಪ್ಪತ್ತೇಳು ಇಪ್ಪತ್ತೆಂಟರ ಬಡಕಲು ಯುವಕ. ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಟೈಪು ಮಾಡಿದ ಎರಡು ಹಾಳೆ. ಬೈಗುಳ ಬಿದ್ದಾಗಲೆಲ್ಲ ಹೆಗಲು ಒಳಕ್ಕೆಳೆದುಕೊಳ್ಳುತ್ತಿದ್ದ.

"ಯಾರಿವನು?"

"ಪಕ್ಕೀರಪ್ಪ ಅಂತ ಮೇಡಂ," ಎಂದ ಬರಹಗಾರ ಪೇದೆ, ತಬ್ಬಿಬ್ಬಾಗಿ. "ಹತ್ತು ನಿಮಿಷ ಆತು. ಹಗ್ಗ ಕತ್ತರಿಸಿದ್ದು ನಾನ, ಕೇಸ್ ಬರ್ಕೊಳ್ರಿ ಅಂತಾನ."

ಅನ್ನಪೂರ್ಣ ಹಾಳೆ ಕಿತ್ತುಕೊಂಡು ಓದಿದಳು. 'ಮೃತನೊಂದಿಗೆ ನನಗಿದ್ದ ವೈಯಕ್ತಿಕ ವೈಮನಸ್ಯದ ಹಿನ್ನೆಲೆಯಲ್ಲಿ, ಯಾರ ಪ್ರಚೋದನೆಯೂ ಇಲ್ಲದೆ, ಸ್ವಇಚ್ಛೆಯಿಂದ ಸದರಿ ತುರ್ತು ಹಗ್ಗವನ್ನು ತುಂಡರಿಸಿ, ಸದರಿ ಉಪಕರಣವನ್ನು ಮೃತನ ಜೇಬಿನಲ್ಲಿ ಇರಿಸಿರುತ್ತೇನೆ.' ಒಂದು ತಪ್ಪಿಲ್ಲ. ಕೊನೆಗೆ ಸಹಿ: ಪಕಿರಪ. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು.

ಒಬ್ಬ ಸತ್ತವನ ಮೇಲೆ ಹೊರಿಸಿದ್ದ ಸುಳ್ಳು ನಿಲ್ಲಲಿಲ್ಲ ಎಂದು ತಿಳಿದ ಎರಡು ತಾಸಿನೊಳಗೆ ಬದುಕಿದ್ದವನೊಬ್ಬನನ್ನು ಹಿಡಿದು ತಂದಿದ್ದರು. ಇಸ್ತ್ರಿ ಮಾಡಿಸಿ ಕೂರಿಸಿದ್ದರು.

"ಸ್ನೇಹಾ, ಸ್ವಲ್ಪ ಹೊರಗಿರು."

"ನಾ ಹೋಗಂಗಿಲ್ಲ! ಇವನ ಬಾಯಿಂದ ಕೇಳ್ಬೇಕು ನಾನು."

"ಹೊರಗ ಹೋಗು ಅಂದೆ!" ಅನ್ನಪೂರ್ಣ ಕೂಗಿದಳು. ತಾನು ಕೂಗಬೇಕಾದದ್ದು ಇವಳ ಮೇಲಲ್ಲ ಎಂದು ಆ ಕ್ಷಣವೇ ಅನಿಸಿತು. ಆದರೆ ಸ್ನೇಹಾ ಕಣ್ಣಲ್ಲಿ ಕೆಂಡ ತುಂಬಿಕೊಂಡು ಧಡಧಡ ಮೆಟ್ಟಿಲಿಳಿದು ಹೋಗಿಯಾಗಿತ್ತು.

ಅನ್ನಪೂರ್ಣ ಪಕ್ಕೀರಪ್ಪನನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು. ಒಳಗೆ ಅವರಿಬ್ಬರು, ಅಂಜಿನಯ್ಯ.

"ಹಗ್ಗ ಯಾವುದರಿಂದ ಕತ್ತರಿಸಿದಿ?"

"ಅದ... ಆ ಕರಿ ಟೂಲಿನಿಂದ."

"ಅದರಾಗ ಏನೇನು ಐತಿ ಹೇಳು."

ಪಕ್ಕೀರಪ್ಪ ಹಾಳೆಯ ಕಡೆಗೆ ಕಣ್ಣು ಹಾಯಿಸಿದ.

"ದುರುಗೇಶನ ಮೇಲೆ ನಿನಗೇನು ವೈಮನಸ್ಯ?"

"ವೈ... ಏನ್ರಿ?"

"ನಿನ್ನ ಕಾಗದದಾಗ ನೀನ ಬರದೀಯಲ್ಲೋ! ಅದರರ್ಥ ಗೊತ್ತಿಲ್ಲ ನಿನಗ!" ಅನ್ನಪೂರ್ಣಳಿಗೆ ಅವನ ಕೆನ್ನೆಗೆ ಬಿಡಬೇಕೆನಿಸಿತು. ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಕೊಲೆ ಕೇಸು ಇದು. ಹದಿನಾಲ್ಕು ವರ್ಷ ಒಳಗ ಕೊಳೀತೀ. ಯಾರು ಕೊಟ್ರು ಇದನ್ನ? ವಿಜಯಕುಮಾರನ? ಅವನ ಮ್ಯಾಲಿನವರ? ಹೆಸರು ಹೇಳು, ನಾ ನೋಡ್ಕೊಂತೀನಿ."

"ನಾನ ಕತ್ತರಿಸಿದ್ದು ಮೇಡಂ."

"ಅವ ನಿನ್ನ ಅಣ್ಣ ಇದ್ದಂಗ ಇದ್ದ. ಅವನ ಹೆಂಡ್ತಿ ಮುಖ ನೋಡಿದಿಯಲ್ಲ ಈಗ?"

"ನೋಡಿದೆ." ಅವನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ. "ಬರ್ಕೊಳ್ರಿ ಮೇಡಂ. ಕೈ ಮುಗೀತೀನಿ. ಜಲ್ದಿ ಬರ್ಕೊಂಡು ನನ್ನ ಒಳಗ ಹಾಕ್ರಿ. ಅವರು ನೋಡಬೇಕು, ಹಾಕಿದ್ದನ್ನ."

"ಯಾರು ನೋಡಬೇಕು?"

ಅವನು ಬಾಗಿಲ ಕಡೆ ನೋಡಿದ. ದನಿ ಪಿಸುಮಾತಿಗೆ ಇಳಿಯಿತು.

"ನಮ್ಮವ್ವ ಅವರ ಗಾಡ್ಯಾಗ ಕುಂತಾಳ್ರಿ. ಆಕಿ ಕಣ್ಣಿಗೆ ಪೊರಿ ಬಂದೈತಿ. ಬಳ್ಳಾರಿಗೆ ಕರ್ಕೊಂಡು ಹೋಗಿ ಕಣ್ಣು ಮಾಡಸ್ತೀವಿ ಭರಮಮ್ಮ, ಬಾ ಅಂತ ಹೇಳ್ಯಾರ. ಆಕಿ ಖುಷಿಲೆ ಹೊಸ ಸೀರಿ ಉಟ್ಕೊಂಡು ಬಂದಾಳ. ಅರ್ಧ ತಾಸಿನಾಗ ನಿನ್ನ ಲಾಕಪ್ಪಿನಾಗ ಹಾಕ್ಲಿಲ್ಲಂದ್ರ..."

ಅವನು ಮಾತು ಮುಗಿಸಲಿಲ್ಲ. ಅನ್ನಪೂರ್ಣ ಆಗಲೇ ಕಿಟಕಿಯ ಬಳಿ ಇದ್ದಳು.

ಠಾಣೆಯ ಎದುರು, ರಸ್ತೆಯಾಚೆಯ ಬೇವಿನ ಮರದ ಕೆಳಗೆ ನಂಬರ್ ಪ್ಲೇಟಿಗೆ ಕೆಸರು ಮೆತ್ತಿದ ಬಿಳಿ ಬೊಲೆರೊ ನಿಂತಿತ್ತು. ಹಿಂದಿನ ಸೀಟಿನಲ್ಲಿ ಹೊಸ ಹಸಿರು ಸೀರೆಯ ಮುದುಕಿ. ಮುಂದೆ ಇಬ್ಬರು ಗಂಡಸರು.

ಹಿಂದಿನ ಬಾಗಿಲು ತೆರೆದಿತ್ತು. ಅದರ ಬಳಿ ನಿಂತು, ಮುದುಕಿಯ ಮುಖದ ಹತ್ತಿರ ಬಾಗಿ, ಕೈ ಬೀಸಿ ಬೀಸಿ ಏನನ್ನೋ ಕೇಳುತ್ತಿದ್ದವಳು ಸ್ನೇಹಾ. ಮಗನ ಮೇಲಿನ ಸಿಟ್ಟನ್ನು ತಾಯಿಯ ಮುಂದೆ ಕಕ್ಕುತ್ತಿದ್ದಳು. ಮುದುಕಿ ಏನೂ ತಿಳಿಯದೆ ಅವಳ ಕೈ ಹಿಡಿದು ಒಳಗೆ ಎಳೆದು, ಪಕ್ಕದಲ್ಲಿ ಜಾಗ ಮಾಡಿಕೊಡುತ್ತಿದ್ದಳು.

"ಸ್ನೇಹಾ! ಹತ್ತಬ್ಯಾಡ!"

ಲಾರಿಯೊಂದರ ಹಾರ್ನಿನಲ್ಲಿ ಆ ಕೂಗು ಮುಚ್ಚಿಹೋಯಿತು. ಸ್ನೇಹಾ ಸೀಟಿನ ಅಂಚಿಗೆ ಕೂತಳು. ಮುಂದಿನ ಸೀಟಿನವನು ಇಳಿದು ಬಂದ. ಅವಳ ಕಾಲನ್ನು ಒಳಗೆ ತಳ್ಳಿ ಬಾಗಿಲು ಹಾಕಿದ. ಆಮೇಲೆ ತಲೆಯೆತ್ತಿ, ಕಿಟಕಿಯಲ್ಲಿ ನಿಂತಿದ್ದ ಅನ್ನಪೂರ್ಣಳನ್ನು ನೇರವಾಗಿ ನೋಡಿ, ತನ್ನ ಕೈಗಡಿಯಾರಕ್ಕೆ ಎರಡು ಸಲ ಬೆರಳಿನಿಂದ ತಟ್ಟಿದ.

ಬೊಲೆರೊ ಹೊರಟಿತು. ಬಳ್ಳಾರಿಯ ದಾರಿಗೆ ತಿರುಗಲಿಲ್ಲ. ಗಣಿಯ ಗುಡ್ಡದ ಕಡೆಗೆ ತಿರುಗಿತು.